ಮೂರಿಂಚು ದೊಡ್ಡ ಚಕ್ರ

ಪರದೆ ಹೊಲಿಯುವ ಹೆಂಗಸಿಗೆ ರೇಸಿನ ಕಾರು ಯಾಕೆ ಎಂದು ಕೇಳದವರು ಆ ಬೀದಿಯಲ್ಲಿ ಉಳಿದಿರಲಿಲ್ಲ. ಕೇಳುವವರದೇನು ಹೋಗುತ್ತದೆ, ನಾಲಿಗೆಗೆ ಪೆಟ್ರೋಲು ಹಾಕಿಸಬೇಕೇ? ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಕ್ಕು ಸುಮ್ಮನಾಗುತ್ತಿದ್ದಳು. ಮನೆಯಲ್ಲಿ ಅವಳನ್ನು ಬುಗುರಿ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನಿಂತಲ್ಲೇ ಗಿರಗಿರನೆ ತಿರುಗಿ ತಲೆಸುತ್ತಿ ಬೀಳುವುದೇ ಅವಳ ಆಟವಾಗಿತ್ತಂತೆ. ಅದನ್ನು ನೋಡಿ ಅಪ್ಪ ಇಟ್ಟ ಹೆಸರು. ಈಗ ವಯಸ್ಸು ನಲವತ್ತೊಂದು, ಕೆಳಗೆ ಸ್ವಂತ ಹೊಲಿಗೆ ಅಂಗಡಿ, ಮಹಡಿಯ ಮೇಲೆ ಅಪ್ಪ ಅಮ್ಮನ ಜೊತೆ ಮನೆ. ಹೆಸರು ಮಾತ್ರ ಅದೇ ಉಳಿದುಕೊಂಡಿತ್ತು.

ಕಾರು ನೀಲಿ. ನಾಲ್ಕು ಬಾಗಿಲು, ಬೆನ್ನ ಮೇಲೊಂದು ಪುಟ್ಟ ರೆಕ್ಕೆ. ಎಂಜಿನ್ನಿನ ಬಲ ನಾಲ್ಕು ಚಕ್ರಕ್ಕೂ ಹಂಚಿಹೋಗುವ ಜಾತಿ. ವಾರವಿಡೀ ಹಿಂದಿನ ಸೀಟು ಮಡಚಿ ಪರದೆ, ಕೋಟು, ನರ್ಸುಗಳ ಸಮವಸ್ತ್ರ ಹೊತ್ತು ಮನೆಮನೆಗೆ ತಿರುಗುತ್ತಿತ್ತು. ಇಸ್ತ್ರಿಯ ಮಡಿಕೆ ಮುರಿಯಬಾರದಲ್ಲ, ಬುಗುರಿ ತಿರುವುಗಳನ್ನು ಎಳೆ ಮಗುವನ್ನು ಪಕ್ಕಕ್ಕೆ ಮಲಗಿಸಿದ ಹಾಗೆ ತಿರುಗಿಸುತ್ತಿದ್ದಳು. ತಿಂಗಳಿಗೊಂದು ಭಾನುವಾರ ಮಾತ್ರ ಬಟ್ಟೆಗಳನ್ನೆಲ್ಲ ಇಳಿಸಿ, ಹೆಲ್ಮೆಟ್ಟು ಎತ್ತಿಕೊಂಡು, ಊರಾಚೆಯ ರೇಸ್ ಟ್ರ್ಯಾಕಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಅದೇ ಕಾರು ಬೇರೆಯೇ ಕಾರು. ಒಮ್ಮೆ ಜೋರಾದ ತಿರುವೊಂದರಲ್ಲಿ ಸೀಟಿನಡಿಯಿಂದ ಯಾರದೋ ಕೋಟಿನ ಗುಂಡಿ ಉರುಳಿ ಬಂದು, ಆ ಕಡೆಯಿಂದ ಈ ಕಡೆಗೆ ಟಿಣ್ ಟಿಣ್ ಎಂದು ಓಡಾಡಿತ್ತು. ಆ ಸದ್ದು ಎಷ್ಟೋ ದಿನ ಅವಳ ನಿದ್ದೆಯಲ್ಲಿ ಕೇಳುತ್ತಿತ್ತು.

ಟ್ರ್ಯಾಕಿನಿಂದ ಬಂದ ದಿನ ಊಟದ ಮೇಜಿನ ಮೇಲೆ ಲೋಟ, ಚಮಚ, ಉಪ್ಪಿನ ಡಬ್ಬಿಗಳಿಂದ ಒಂಬತ್ತು ತಿರುವುಗಳೂ ಎದ್ದುನಿಲ್ಲುತ್ತಿದ್ದವು. ಅಪ್ಪ ಮಗಳು ಸೇರಿ ಅವಕ್ಕೆ ಹೊಲಿಗೆಯ ಹೆಸರುಗಳನ್ನಿಟ್ಟಿದ್ದರು. ಮೊದಲನೆಯದು ಕಾಲರ್. ಗುಂಡಿ ತೂರಿಸುವ ತೂತಿನ ಹಾಗೆ ಕಿರಿದಾಗಿ ಹಿಂದಕ್ಕೇ ತಿರುಗುವುದು ಕಾಜಾ. ಒಳಗೊಳಗೇ ಬಾಗುವ ಆರನೆಯದಕ್ಕೆ ಕಂಕುಳು.

"ಕಂಕುಳಲ್ಲಿ ಏನ್ಮಾಡ್ದೆ?" ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

"ಬೇಗ ತಿರುಗಿಸ್ಬಿಟ್ಟೆ ಕಣಪ್ಪ. ಆಚೆ ಬರುವಾಗ ಜಾಗ ಸಾಲ್ಲಿಲ್ಲ."

"ಆತುರಗೇಡಿ. ನಿಂಗೆ ಕಂಕುಳು ಯಾವತ್ತೂ ಹಾಗೇ."

"ತಟ್ಟೆ ಮುಂದೆ ಕೂತು ಕಂಕುಳಂತೆ! ಮರ್ಯಾದಸ್ಥರು ಆಡೋ ಮಾತಾ ಇದು?" ಎಂದು ಅಮ್ಮ ಕಾಜಾದ ಲೋಟವನ್ನು ಎತ್ತಿಕೊಂಡು ಹೋಗುತ್ತಿದ್ದರು. ಮೂರು ವರ್ಷ ಹೀಗೇ ನಡೆದಿತ್ತು. ಟ್ರ್ಯಾಕನ್ನು ಒಮ್ಮೆಯೂ ಕಾಣದ ಅಪ್ಪನಿಗೆ ಅದರ ಮೂಲೆಮೂಲೆ ಬಾಯಿಪಾಠವಾಗಿತ್ತು.

ಅಪ್ಪ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವರು. ಅವರ ಡಿಪೋದಲ್ಲೊಂದು ಪದ್ಧತಿಯಿತ್ತು: ಡ್ಯೂಟಿ ಮುಗಿಸಿದ ಡ್ರೈವರು ಮುಂದಿನವನಿಗೆ ಕೀಲಿ ಕೊಡುವಾಗ ಗಾಡಿಯ ದೋಷ ಹೇಳಿಯೇ ಕೊಡಬೇಕು, ತೆಗೆದುಕೊಳ್ಳುವವನು "ಗೊತ್ತಾಯ್ತು, ಕೊಡು" ಎಂದೇ ತೆಗೆದುಕೊಳ್ಳಬೇಕು. ಬ್ರೇಕು ಎಡಕ್ಕೆ ಹಿಡಿಯುತ್ತದೆ, ಮೂರನೇ ಗೇರು ಮೊಂಡು, ಹೀಗೆ. ಮುಚ್ಚಿಟ್ಟು ಕೊಟ್ಟವನ ಜೊತೆ ಯಾರೂ ಚಹಾ ಕುಡಿಯುತ್ತಿರಲಿಲ್ಲವಂತೆ. ನಿವೃತ್ತರಾದರೂ ಅಪ್ಪನಿಗೆ ಈ ಚಟ ಬಿಡಲಿಲ್ಲ. "ಛತ್ರಿ ತಗೋ, ಒಂದು ಕಡ್ಡಿ ಬಾಗಿದೆ." "ಚಹಾ ತಗೋ, ಸಕ್ಕರೆ ಕಮ್ಮಿ." ಅಮ್ಮನೂ ರೂಢಿಯಾಗಿ, ಮುಖವನ್ನೂ ಎತ್ತದೆ "ಗೊತ್ತಾಯ್ತು, ಕೊಡಿ" ಎನ್ನುತ್ತಿದ್ದರು.

ಕಳೆದ ವರ್ಷದಿಂದ ಅಂಥ ಅಪ್ಪನ ಕಣ್ಣು ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಿತ್ತು. ನಿಲ್ಲಿಸುವ ಔಷಧಿ ಇಲ್ಲ, ನಿಧಾನ ಮಾಡಬಹುದಷ್ಟೆ ಎಂದಿದ್ದರು ಡಾಕ್ಟರು. "ಇನ್ನೂ ಆರು ತಿಂಗಳು ಧಾರಾಳವಾಗಿ ಕಾಣುತ್ತಂತೆ" ಎಂದು ಅಪ್ಪ ಹೋದ ತಿಂಗಳು ಆಸ್ಪತ್ರೆಯಿಂದ ಬಂದು ಹೇಳಿದ್ದರು. ಹೇಳಿ, ಚಿಕ್ಕ ಮಕ್ಕಳ ಹಾಗೆ ಕೇಳಿದ್ದರು: "ಬುಗುರಿ, ಕಣ್ಣಿರೋವಾಗ್ಲೇ ಒಂದ್ಸಲ ಆ ಟ್ರ್ಯಾಕಲ್ಲಿ ನಾನೇ ಓಡಿಸ್ಲಾ? ಬರೀ ಒಂದು ಸುತ್ತು. ನಿಲ್ದಾಣ ಇಲ್ಲದ ರಸ್ತೇಲಿ ನಾನು ಯಾವತ್ತೂ ಓಡಿಸೇ ಇಲ್ಲ ನೋಡು." ಬುಗುರಿ ಆಗಲಿ ಎಂದು ಮಾತು ಕೊಟ್ಟಳು.

ಟ್ರ್ಯಾಕಿನ ಆ ತಿಂಗಳ ಭಾನುವಾರ ಇಬ್ಬರೂ ಬೆಳಗಾಗುವ ಮುಂಚೆ ಹೊರಟರು. ಮಂಜು ರಸ್ತೆಯ ಮೇಲೆ ಒಗೆದು ಹರವಿದ ಬಟ್ಟೆಯಂತೆ ಬಿದ್ದಿತ್ತು. ದೀಪದ ಕಂಬಗಳು ಒಂದೊಂದಾಗಿ ಬಂದು, ಹಾಯ್ದು, ಹಿಂದೆ ಕರಗುತ್ತಿದ್ದವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಮೊದಲ ದಿನ ಕೆಲಸಕ್ಕೆ ಹೊರಟವರ ಹಾಗೆ ಕೂತಿದ್ದರು. ಎಂಜಿನ್ನಿನ ಗುನುಗಿನಲ್ಲಿ ಇಬ್ಬರೂ ಅರೆ ಕನಸಿನಲ್ಲಿದ್ದಂತಿತ್ತು. ಆದರೆ ಬುಗುರಿಯ ಅಂಗೈಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಕಾರು ಸಣ್ಣಗೆ ಬಲಕ್ಕೆ ಜಗ್ಗುತ್ತಿತ್ತು. ಟ್ರ್ಯಾಕಿನ ಗೇಟಿನ ಬಳಿ ನಿಧಾನಕ್ಕೆ ತಿರುಗಿಸುವಾಗಂತೂ ಒಳಗೆಲ್ಲೋ ಹಲ್ಲು ಕಡಿದ ಹಾಗೆ ಗಕ್ ಗಕ್ ಎಂದಿತು.

ಅಲ್ಲಿ ಕಾರುಗಳನ್ನು ತಪಾಸಣೆ ಮಾಡಿ ಒಳಗೆ ಬಿಡುವವನಿಗೆ ಎಲ್ಲರೂ ಮೀಸೆ ಎನ್ನುತ್ತಿದ್ದರು, ಅಷ್ಟು ಮೀಸೆಯಿತ್ತು. ಅಪ್ಪ ಟ್ರ್ಯಾಕಿನ ಪಕ್ಕದ ಕಟಕಟೆಯ ಬಳಿ ಹೋಗಿ ನಿಂತಾಗ ಅವನು ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಎಡಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಏನಕ್ಕಾ ಇದು, ಮೂರು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಬೂಟು?"

ಬುಗುರಿ ಬಗ್ಗಿ ನೋಡಿದಳು. ಹೊಸ ಟೈರು! ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮೀಸೆ ಜಾಕು ಹಾಕಿ ಎತ್ತಿದ. ಅವಳು ಚೀಲದಿಂದ ಅಳತೆ ಟೇಪು ತೆಗೆದಳು, ಟೇಪಿನ ಉದ್ದ ಸಾಲದ ಕಡೆ ಸೀಮೆಸುಣ್ಣದ ಗುರುತು ಹಾಕಿ ನಾಲ್ಕು ಚಕ್ರಗಳ ಸುತ್ತಳತೆ ತೆಗೆದಳು. ಮೂರು ಚಕ್ರಗಳಲ್ಲಿ ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ. ನಾಲ್ಕನೆಯದು ಮೂರಿಂಚು ಜಾಸ್ತಿ.

"ಎರಡೇ ಚಕ್ರಕ್ಕೆ ಎಂಜಿನ್ ಬಲ ಹೋಗೋ ಕಾರಾಗಿದ್ರೆ ನಡೀತಿತ್ತು," ಎಂದ ಮೀಸೆ. "ಇದರಲ್ಲಿ ನಾಲ್ಕಕ್ಕೂ ಒಂದೇ ಜೀವ. ಒಂದು ದೊಡ್ಡದಾದ್ರೆ ಒಳಗೆ ಒಂದನ್ನೊಂದು ಜಗ್ಗಾಡ್ತವೆ. ಜೋರಾಗಿ ಎರಡು ಸುತ್ತು ಹೊಡೆದ್ರೆ ಗೇರೆಲ್ಲ ಪುಡಿಪುಡಿ. ಇವತ್ತು ಬಿಡಲ್ಲ ನಾನು. ಬೇಕಿದ್ರೆ ಊಟದ ಬಿಡುವಲ್ಲಿ, ಟ್ರ್ಯಾಕ್ ಖಾಲಿ ಇದ್ದಾಗ, ಮೆತ್ತಗೆ ಒಂದೇ ಒಂದು ಸುತ್ತು."

ಯಾರ ಕೆಲಸ ಎಂದು ಕೇಳಬೇಕಾಗಿರಲಿಲ್ಲ. ಶುಕ್ರವಾರ ಅವಳು ಹಿಂದಿನ ಎಡಚಕ್ರದಲ್ಲಿ ಗಾಳಿ ಇಳಿಯುತ್ತಿದೆ ಎಂದು ಗೊಣಗಿದ್ದಳು. ಶನಿವಾರ ಹೊಲಿಗೆಯಿಂದ ತಲೆ ಎತ್ತಲು ಬಿಡುವಿರಲಿಲ್ಲ. ಸಂಜೆ "ನಾನು ನೋಡ್ಕೊಂಡೆ, ನೀನು ಚಿಂತೆ ಬಿಡು" ಎಂದಿದ್ದರು ಅಪ್ಪ. ಹಿಂದಿನದು ಕೆಟ್ಟರೂ ಹೊಸ ಟೈರನ್ನು ಮುಂದಕ್ಕೇ ಹಾಕಿ, ಮುಂದಿನದನ್ನು ಹಿಂದಕ್ಕೆ ಸರಿಸುವುದು ಬಸ್ಸಿನವರ ರೂಢಿ. ಅಷ್ಟಾದರೆ ಅವಳು ನಕ್ಕು ಮರೆಯುತ್ತಿದ್ದಳು. ಆದರೆ ಟೈರಿನ ಮೈಮೇಲೆ ನಲವತ್ತು ಎಂದಿರಬೇಕಾದ ಕಡೆ ನಲವತ್ತೈದು ಎಂದಿತ್ತು, ಹೆಬ್ಬೆರಳ ಗಾತ್ರದ ಉಬ್ಬು ಅಕ್ಷರಗಳಲ್ಲಿ. ಅಂಕಿ ಕಲಿಸಿದ್ದೇ ಅಪ್ಪ! ಡಿಪೋದ ಅಂಗಳದಲ್ಲಿ ಎತ್ತಿಕೊಂಡು, ಬಸ್ಸಿನ ಟೈರುಗಳ ಮೇಲೆ ಬೆರಳಾಡಿಸಿ, ಇದು ಒಂಬತ್ತು, ಇದು ಸೊನ್ನೆ ಎಂದು ಓದಿಸಿದವರು. ಅಂಥವರು ಟೈರಿನ ಅಂಕಿ ತಪ್ಪುತ್ತಾರೆಯೇ?

ಅವಳು ಕಟಕಟೆಯ ಕಡೆ ನೋಡಿದಳು. ಕಾರೊಂದು ಹಾಯ್ದು ಹೋಯಿತು. ಸದ್ದು ದಾಟಿದ ಮೇಲೆ ಅಪ್ಪನ ತಲೆ ಆ ಕಡೆಗೆ ತಿರುಗಿತು.

ಹತ್ತಿರ ಹೋಗಿ, ಎದುರು ಗೋಡೆಯ ದೊಡ್ಡ ಗಡಿಯಾರ ತೋರಿಸಿ, "ಗಂಟೆ ಎಷ್ಟಾಯ್ತಪ್ಪ?" ಎಂದಳು.

"ನಂಗೆ ಹಸಿವಾಗ್ತಿದೆ ಅಂದ್ರೆ ಹತ್ತಾಗಿದೆ ಅಂತ," ಎಂದು ನಕ್ಕರು ಅಪ್ಪ. ಎಂಟೂವರೆಯಾಗಿತ್ತು.

ಟೈರಿನ ಮಾತು ಅವಳು ಎತ್ತಲಿಲ್ಲ. ಇವತ್ತು ಗದ್ದಲ ಜಾಸ್ತಿ, ನಮಗೆ ಬಿಡುವಿನಲ್ಲಿ ಸಮಯ ಕೊಟ್ಟಿದ್ದಾರೆ, ನಿಧಾನ ಹೋಗಬೇಕಂತೆ ಎಂದು ಕಥೆ ಕಟ್ಟಿದಳು. ಮಧ್ಯಾಹ್ನ ಎಲ್ಲ ಎಂಜಿನ್ನುಗಳೂ ಸುಮ್ಮನಾಗಿ, ಟ್ರ್ಯಾಕಿನ ಮೇಲೆ ಬಿಸಿಲು ಮಾತ್ರ ನಡುಗುತ್ತಿದ್ದಾಗ, ಅಪ್ಪನ ಅಂಗೈಯಲ್ಲಿ ಕೀಲಿ ಇಟ್ಟಳು.

"ದೋಷ?" ಎಂದರು ಅಪ್ಪ.

"ಏನಿಲ್ಲಪ್ಪ. ಸರಿಯಾಗಿದೆ."

ಅಪ್ಪ ಒಂದು ಗಳಿಗೆ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತರು. ಆಮೇಲೆ ವಾಪಸು ಕೊಟ್ಟು, ಪಕ್ಕದ ಸೀಟಿನ ಬಾಗಿಲನ್ನು ತಡವಿ ತೆಗೆದರು. "ತಿರುವೆಲ್ಲ ನೀನು ಓಡಿಸು, ನಾನು ದಾರಿ ಹೇಳ್ತೀನಿ. ಉದ್ದ ರಸ್ತೆ ಬಂದಾಗ ನಂಗೆ ಕೊಡು."

ಹೊರಟರು. ನಡಿಗೆಗಿಂತ ತುಸು ಜೋರು, ಅಷ್ಟೆ. ಈ ಟ್ರ್ಯಾಕನ್ನು ಇಷ್ಟು ನಿಧಾನವಾಗಿ ಅವಳೂ ಕಂಡಿರಲಿಲ್ಲ. ಡಾಂಬರಿನ ಬಿರುಕಲ್ಲಿ ಹಳದಿ ಹೂ ಬಿಟ್ಟಿತ್ತು, ಬೇಲಿಯ ಮೇಲೆ ಹಕ್ಕಿಗಳು ಸಾಲಾಗಿ ಕೂತಿದ್ದವು. ಅಪ್ಪ ಕಣ್ಣು ಮುಚ್ಚಿ, ಊಟದ ಮೇಜಿನ ಮುಂದೆ ಕೂತ ಹಾಗೇ ಹೇಳುತ್ತಾ ಹೋದರು. "ಕಾಲರ್ ಬಂತು, ಬಲಕ್ಕೆ. ಈಗ ಇಳಿಜಾರು. ಕಾಜಾ, ಪೂರ್ತಿ ತಿರುಗಿಸು, ಪೂರ್ತಿ." ಒಂದೂ ತಪ್ಪಲಿಲ್ಲ. ಕಂಕುಳು ಬಂದಾಗ ಅವಳ ಕೈ ಅಭ್ಯಾಸಬಲದಿಂದ ಮೊದಲೇ ಹೊರಳಿತು.

"ತಡಿ. ಇನ್ನೂ ಇಲ್ಲ. ಇನ್ನೂ... ಈಗ."

ತಿರುಗಿಸಿದಳು. ಕಾರು ತಿರುವಿನಿಂದ ಹೊರಬಂದಾಗ ಮುಂದೆ ರಸ್ತೆಯೆಲ್ಲ ಖಾಲಿ ಬಿದ್ದಿತ್ತು. ಮೂರು ವರ್ಷ ಒದ್ದಾಡಿದರೂ ಸಿಗದ ಜಾಗ!

"ಸಿಕ್ತಾ?"

"ಸಿಕ್ತಪ್ಪ," ಎಂದಳು.

ಉದ್ದ ರಸ್ತೆಯ ಬಾಯಲ್ಲಿ ನಿಲ್ಲಿಸಿ ಸೀಟು ಬದಲಾಯಿಸಿಕೊಂಡರು. ಎಂಟುನೂರು ಮೀಟರು, ಕಣ್ಣಳತೆಯವರೆಗೂ ತಿರುವಿಲ್ಲದ ರಸ್ತೆ, ಮೇಲೊಂದು ನರಪಿಳ್ಳೆಯಿಲ್ಲ. ಬುಗುರಿ ಕೈಬ್ರೇಕಿನ ಮೇಲೆ ಕೈಯಿಟ್ಟು ಕೂತಳು. ಅಪ್ಪ ಸೀಟು ಎಳೆದುಕೊಂಡರು, ಕನ್ನಡಿ ಸರಿ ಮಾಡಿದರು. ಗೇರು ಹಾಕಿದರು ನೋಡಿ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ! ಮೂವತ್ತನಾಲ್ಕು ವರ್ಷದ ಕೈ ಅದು. ನೀಲಿ ಕಾರು ಸದ್ದಿಲ್ಲದೆ ತೇಲಿತು. ಇಪ್ಪತ್ತು, ಮೂವತ್ತು, ನಲವತ್ತು. ಅಪ್ಪನ ಮುಖ ನೋಡಬೇಕಿತ್ತು ನೀವು. ಹತ್ತು ವರ್ಷದ ಹುಡುಗ ನಗುತ್ತ ಕೂತಿದ್ದ ಅಲ್ಲಿ. ಎಡಕ್ಕೆ ಸ್ವಲ್ಪ, ನೇರ, ನೇರ ಎಂದು ಅವಳು ಪಿಸುಗುಡುತ್ತಿದ್ದಳು. ಅವರು ಬೇಡ ಎನ್ನಲಿಲ್ಲ.

ನಡುದಾರಿಯಲ್ಲಿ ಆ ನಗು ನಿಂತಿತು. ಅಪ್ಪ ಒಂದು ಕೈ ಬಿಟ್ಟು, ಇನ್ನೊಂದರ ಎರಡೇ ಬೆರಳಲ್ಲಿ ಸ್ಟೀರಿಂಗ್ ಹಿಡಿದು ಕ್ಷಣ ಕಾದರು. ಹಾಗೇ ಮೆಲ್ಲಗೆ ಬ್ರೇಕು ಒತ್ತಿ ನಿಲ್ಲಿಸಿದರು.

"ಬಲಕ್ಕೆ ಎಳೀತಿದೆ. ಮುಂದಿನ ಎಡಚಕ್ರ ದೊಡ್ಡದು." ತಡೆದು ಕೇಳಿದರು: "ಬೇರೆ ಸೈಜು ಹಾಕ್ಬಿಟ್ಟೆ ಅಲ್ವಾ ನಾನು?"

ಅವಳು ಕೈಬ್ರೇಕಿನಿಂದ ಕೈ ತೆಗೆದಳು.

"ಎಷ್ಟು?"

"ಮೂರಿಂಚು."

"ಬೆಳಗ್ಗೇನೇ ಅಳೆದಿದ್ದೀಯ. ಹೇಳ್ಲಿಲ್ಲ."

"ನೀನೂ ಹೇಳ್ಲಿಲ್ವಲ್ಲಪ್ಪ."

ಅಪ್ಪ ಮುಂದಿನ ಗಾಜಿನ ಕಡೆ ಮುಖ ತಿರುಗಿಸಿದರು. "ಚಕ್ರ ಉರುಳಿಸ್ಕೊಂಡು ನಾನೇ ಹೋಗಿದ್ದೆ, ಬೀದಿ ಕೊನೆ ಟೈರಂಗಡಿಗೆ. ನಾನೇ ಆರಿಸ್ತೀನಿ ಅಂದೆ. ಪಾಪ, ಅವನು ನನ್ನ ಮಾತಿಗೆ ಎದುರಾಡ್ತಾನಾ? ಬೆರಳಲ್ಲಿ ಓದಿದೆ. ಐದು ಸೊನ್ನೆ ಥರ ಸಿಕ್ತು." ನಗಲು ನೋಡಿದರು, ಆಗಲಿಲ್ಲ. "ತೇಪೆ ಹಾಕಿದ ಟೈರಲ್ಲಿ ನೀನು ಅಷ್ಟು ಜೋರಾಗಿ ಹೋಗೋದು ಬೇಡ ಅಂತ ಕಣೇ."

"ಯಾವಾಗಿಂದ ಅಪ್ಪ?"

"ಎರಡು ತಿಂಗಳಾಯ್ತು. ಬೆಳಕು ಗೊತ್ತಾಗುತ್ತೆ. ನೀನು ಬಂದು ನಿಂತ್ರೆ ನೆರಳು ಗೊತ್ತಾಗುತ್ತೆ. ಹೇಳಿದ್ರೆ ಇಲ್ಲಿಗೆ ಕರ್ಕೊಂಡು ಬರ್ತಿದ್ಯಾ?"

ಎಂಜಿನ್ ಆರಿಸಿದರು. ಕೈಬ್ರೇಕು ಎಳೆದರು. ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿದರು, ಪ್ರತಿ ಟ್ರಿಪ್ಪಿನ ಕೊನೆಗೂ ನೋಡುತ್ತಿದ್ದ ಹಾಗೆ. ಕೀಲಿ ತೆಗೆದು, ಗಾಳಿಯಲ್ಲಿ ಅವಳ ಕೈ ಹುಡುಕಿ, ಅಂಗೈಯ ಮೇಲೆ ಹಿಡಿದರು. ಬಿಡಲಿಲ್ಲ.

"ಗಾಡಿ ಬಂಗಾರ. ಮುಂದಿನ ಎಡಗಡೆ ಟೈರು ಮೂರಿಂಚು ಜಾಸ್ತಿ." ಉಸಿರೆಳೆದುಕೊಂಡರು. "ಡ್ರೈವರಿಗೆ ಕಣ್ಣು ಕಾಣಲ್ಲ."

ಕೀಲಿ ಇಬ್ಬರ ಕೈಗಳ ನಡುವೆ ಬೆಚ್ಚಗಿತ್ತು. ಬುಗುರಿ ಕೆನ್ನೆ ಒರೆಸಿಕೊಂಡಳು.

"ಗೊತ್ತಾಯ್ತು, ಕೊಡು."

ಅಪ್ಪ ಬೆರಳು ಸಡಿಲಿಸಿದರು. "ಅಳ್ತಾ ಗಾಡಿ ತೆಗೀಬೇಡ," ಎಂದರು. "ಸ್ವಲ್ಪ ಹೊತ್ತು ಕೂತಿರು." ಬಿಡುವು ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು.