ಬೆಚ್ಚಗಾಗುವ ಹೊತ್ತು

ಗೋಪಾಲಪ್ಪನ ಅಂಬಾಸಿಡರ್ ಕಾರು ಬೆಳಿಗ್ಗೆ ಎಷ್ಟು ಹೊತ್ತು ನಿಂತಲ್ಲೇ ಗುಡುಗುಡಿಸಿದರೆ ಬೆಚ್ಚಗಾದಂತೆ ಎಂಬುದು ಅವನ ಹೆಂಡತಿ ನಾಗಲಕ್ಷ್ಮಮ್ಮನನ್ನೂ ಮೇಲಿರುವ ದೇವರನ್ನೂ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯದು.

ಪೀಣ್ಯದ ಹೊಲಗಳ ಮೇಲೆ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಗೋಪಾಲಪ್ಪ ಎತ್ತು ಮಾರಿ, ಹಳೆಯ ಕಾರೊಂದನ್ನು ತಂದು, ಮನೆ ಮುಂದಿನ ಹೊಂಗೆಮರದ ಕೆಳಗೆ ಕಟ್ಟಿದ. ನಿಲ್ಲಿಸಿದ ಎನ್ನದೆ ಕಟ್ಟಿದ ಎಂದೇ ಊರವರು ಹೇಳುತ್ತಿದ್ದರು. ಮಲ್ಲೇಶ್ವರದಿಂದ ಶ್ಯಾಮಸುಂದರರಾಯರೆಂಬ ಮ್ಯಾನೇಜರನ್ನು ದಿನಾ ಕಾರ್ಖಾನೆಗೆ ಕರೆತರುವ ಕೆಲಸವೂ ಸಿಕ್ಕಿತು. ಆದರೆ ಕೈ ಮಾತ್ರ ಎತ್ತು ಸಾಕಿದ ಕೈ. ಮಲಗಿದ್ದ ಎತ್ತನ್ನು ಎಬ್ಬಿಸಿದವನೇ ನೊಗಕ್ಕೆ ಹೂಡುವ ಪಾಪವನ್ನು ಅವನ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಮೈ ಸವರಬೇಕು, ನೀರು ತೋರಿಸಬೇಕು, ಅದು ತಾನಾಗಿ ಕಾಲು ಕೊಡವಿ ಏಳುವವರೆಗೆ ಕಾಯಬೇಕು. ಕಾರಿಗೂ ಅವನು ಅದೇ ಧರ್ಮ ನಡೆಸಿದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ಕರುವಿನ ಬೆನ್ನು ಮುಟ್ಟಿದ ಹಾಗೆ ಆಗಬೇಕು; ಆಮೇಲಷ್ಟೇ ಹೊರಡುವುದು.

ಚಳಿಗಾಲದಲ್ಲಿ ಆ ಎಂಜಿನ್ನು ಹತ್ತಿದಷ್ಟೇ ಬೇಗ ಆರಿಹೋಗುತ್ತಿತ್ತು. ಅವನು ನೀರು ತುಂಬಿಸಿ, ಗಾಜು ಒರೆಸಿ, ಊದುಬತ್ತಿ ಬೆಳಗುವವರೆಗೆ ಯಾರಾದರೂ ಒಳಗೆ ಕೂತು ಆಕ್ಸಿಲರೇಟರನ್ನು ಕಾಲಲ್ಲಿ ಒತ್ತಿ ಹಿಡಿಯಬೇಕಾಗಿತ್ತು. ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅವನ ತಾಯಿ ಚಿಕ್ಕಮುನಿಯಮ್ಮನೇ ಸೊಸೆಗೆ ಅಂದಳು: "ಓಗೇ ನಾಗಿ, ಅದೇನೋ ತುಳೀಬೇಕಂತಲ್ಲ, ಓಗಿ ತುಳಿ."

ನಾಗಲಕ್ಷ್ಮಮ್ಮ ಸೆರಗು ಬಿಗಿದುಕೊಂಡು ಹೋಗಿ ತುಳಿದಳು. ಗೋಪಾಲಪ್ಪ ಪೂಜೆ ಮುಗಿಸಿ ಪಕ್ಕದಲ್ಲಿ ಬಂದು ಕೂತ. ಎಂಜಿನ್ನಿನ ಆ ಗದ್ದಲದಲ್ಲಿ ಅವನು ಏನೋ ಕೇಳಿದ. ಅವಳು ಏನೋ ಅಂದಳು. ಹೊರಗೆ ಯಾರಿಗೂ ಕೇಳಿಸಲಿಲ್ಲ.

ಅದು ಅವಳಿಗೆ ಎಂಥ ಸಿರಿ ಎಂದು ತಿಳಿಯಬೇಕಾದರೆ ಆ ಮನೆ ತಿಳಿದಿರಬೇಕು. ಅತ್ತೆ, ಭಾವ, ಓರಗಿತ್ತಿ, ಮಕ್ಕಳು, ಎಮ್ಮೆ, ಎಲ್ಲ ಒಂದೇ ಸೂರಿನಡಿ. ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ಪದ್ಧತಿ ಅಲ್ಲಿರಲಿಲ್ಲ. ಉಣ್ಣುವಾಗ ಅವನು "ಉಪ್ಪು" ಅನ್ನುತ್ತಿದ್ದ, ಅವಳು ಉಪ್ಪು ಇಡುತ್ತಿದ್ದಳು. ಎಷ್ಟೋ ದಿನ ಸಂಸಾರ ಅಷ್ಟರಲ್ಲೇ ಮುಗಿದುಹೋಗುತ್ತಿತ್ತು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ತನ್ನ ಗಂಡ ಇಷ್ಟು ಚೆನ್ನಾಗಿ ಕತೆ ಹೇಳುತ್ತಾನೆ ಎಂದು ಅವಳಿಗೆ ಗೊತ್ತಾದದ್ದು ಈ ಕಾರಿನಲ್ಲಿ.

"ನಿನ್ನೆ ಮಲ್ಲೇಶ್ವರದಲ್ಲಿ ಒಬ್ಳು ಸ್ಕೂಟ್ರು ಓಡಿಸ್ಕಂಡ್ ಓದ್ಲು ಕಣೇ ನಾಗೂ. ಇಂದ್ಗಡೆ ಗಂಡ, ಅವ್ನ ತೊಡೆ ಮ್ಯಾಲೆ ತರ್ಕಾರಿ ಚೀಲ."

"ಗಂಡ ಇಂದ್ಗಡೇನಾ? ಸುಳ್ಳು."

"ಮುನೇಶ್ವರನಾಣೆ. ಅಂಗೆ ಗಟ್ಟಿಯಾಗಿ ಇಡ್ಕಂಡಿದ್ದ, ಪಾಪ."

ನಾಗೂ ಎಂಬ ಹೆಸರು ಹುಟ್ಟಿದ್ದೂ ಅಲ್ಲೇ. ನಕ್ಕರೆ ಅತ್ತೆಗೆ ಕೇಳಿಸೀತೆಂದು ಅವಳು ಕಾಲು ಒತ್ತುತ್ತಿದ್ದಳು, ಕಾರು ಗರ್ಜಿಸುತ್ತಿತ್ತು. ಹೀಗೆ ಮಾಗಿ ಕಳೆದು, ಶಿವರಾತ್ರಿ ಕಳೆದು, ಬಿಸಿಲು ಬಂದರೂ ಕಾರಿನ ಚಳಿ ಬಿಡಲಿಲ್ಲ.

"ಏನ್ಲಾ ಗೋಪಾಲ, ಇನ್ನೂ ಬಿಸಿ ಆಗ್ಲಿಲ್ವಾ ನಿನ್ ಕಾರು? ಮುದ್ದೆಗೆ ಎಸರಿಕ್ಕಿದ್ರೆ ಇಷ್ಟೊತ್ಗೆ ಉಂಡು ಕೈ ತೊಳೀಬೋದಿತ್ತು!" ಎಂದು ಚಿಕ್ಕಮುನಿಯಮ್ಮ ಜಗಲಿಯಿಂದ ಕೂಗುತ್ತಿದ್ದಳು.

"ಆಯ್ತಾ ಬಂತು ಕಣವ್ವ!" ಎಂದು ಅವನು ಕಿಟಕಿಯಿಂದ ತಲೆ ಹೊರಹಾಕಿ ಹೇಳಿ, ಮತ್ತೆ ಒಳಗೆಳೆದುಕೊಳ್ಳುತ್ತಿದ್ದ.

ಆದರೆ ಒಂದು ದಿನ ಯಶವಂತಪುರದ ಹತ್ತಿರ ಕಾರು ಕೆಮ್ಮಿತು. ಮರುದಿನ ಕೆಮ್ಮಿ ಕೆಮ್ಮಿ ನಿಂತೇಹೋಯಿತು. ರಾಯರು ಇಳಿದು ಬಸ್ಸು ಹತ್ತುವ ಮುಂಚೆ, ಹೀಗೇ ಆದರೆ ಬೇರೆ ಗಾಡಿ ನೋಡಿಕೊಳ್ಳಬೇಕಾಗುತ್ತದೆ ಎಂದು ಮೆಲ್ಲಗೇ ಹೇಳಿದರು. ಗೋಪಾಲಪ್ಪ ಮೆಕ್ಯಾನಿಕ್ ಪುಟ್ಟಣ್ಣನನ್ನು ಮನೆಗೆ ಕರೆತಂದ. ಪುಟ್ಟಣ್ಣ ಪ್ಲಗ್ಗುಗಳನ್ನು ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ಇಟ್ಟ. ಒಂದೊಂದೂ ಒಲೆಯಿಂದ ಇಳಿಸಿದ ಮಡಕೆಯ ತಳದ ಹಾಗೆ ಕಪ್ಪಗಿತ್ತು.

"ಗೋಪಾಲಣ್ಣ, ದಿನಾ ಎಷ್ಟೊತ್ತು ನಿಲ್ಸಿ ಓಡಿಸ್ತೀಯಾ ಇದನ್ನ?"

"ಬೆಚ್ಚಗಾಗೋವರ್ಗೂ."

"ಆ ಹೊತ್ನಲ್ಲಿ ತುಮಕೂರಿಗೇ ಹೋಗ್ಬರ್ಬೋದಿತ್ತು, ಗುರು! ಚೋಕ್ ಎಳ್ದು ಅಂಗೇ ಬಿಟ್ರೆ ಪೆಟ್ರೋಲು ಪೂರ್ತಿ ಉರಿಯಲ್ಲ, ಮಸಿ ಕಟ್ತದೆ. ಸ್ಟಾರ್ಟ್ ಮಾಡು. ಅದರ ಉಸಿರು ಒಂದು ಸಮಕ್ಕೆ ಬರ್ಲಿ, ಒಂದು ಬೀಡಿ ಹಚ್ಕೊಳ್ಳೋ ಹೊತ್ತು, ಸಾಕು. ಆಮೇಲೆ ನಿಧಾನಕ್ಕೆ ಹೊರಡು. ಮಿಕ್ಕಿದ್ದು ಓಡ್ತಾ ಓಡ್ತಾ ಬೆಚ್ಚಗಾಗ್ತದೆ."

ಚಿಕ್ಕಮುನಿಯಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾಗಲಕ್ಷ್ಮಮ್ಮನೂ ಕೇಳಿಸಿಕೊಂಡಳು.

ಮರುದಿನದಿಂದ ಕಾರು ಹತ್ತಿಕೊಂಡಿತು, ಹೋಯಿತು. ಸೊಸೆ ಸಗಣಿ ಕೈಯಲ್ಲಿ ಬಾಗಿಲಿಗೆ ಬರುವಷ್ಟರಲ್ಲಿ ಧೂಳು ಮಾತ್ರ ಇರುತ್ತಿತ್ತು. ಗೋಪಾಲಪ್ಪನದೂ ತಪ್ಪಿಲ್ಲ. ಅಷ್ಟು ಜನರ ಎದುರು ಮೆಕ್ಯಾನಿಕ್ ಹೇಳಿದ ಮೇಲೆ ಇನ್ಯಾವ ನೆಪದಲ್ಲಿ ಹೆಂಡತಿಯನ್ನು ಕರೆದಾನು? ರಾತ್ರಿ ಉಣ್ಣುವಾಗ ತಲೆಯೆತ್ತಿ ಒಮ್ಮೆ ನೋಡಿದ, "ಉಪ್ಪು" ಅಂದ.

ನಾಗಲಕ್ಷ್ಮಮ್ಮ ಮಂಕಾದಳು. ಮಗುವಿಗೆ ಹಲ್ಲು ಬಂದದ್ದು, ಎಮ್ಮೆ ಒದ್ದದ್ದು, ಕಣಜದ ಹುಳು ಮುಂಗೈ ಕಚ್ಚಿದ್ದು, ಹೇಳಬೇಕಾದ ಮಾತುಗಳು ಎದೆಯಲ್ಲಿ ಹಾಗೇ ಸೇರಿಕೊಂಡವು. ದೀಪ ಹಚ್ಚಿ ಕೈ ಮುಗಿದರೆ ಕೇಳಲು ನಾಚಿಕೆ. ಮಳೆ ಬೆಳೆ ಕೇಳಬೇಕಾದ ದೇವರ ಹತ್ತಿರ, ಗಂಡನ ಜೊತೆ ಮಾತಾಡಲು ಒಂದಿಷ್ಟು ಹೊತ್ತು ಕೊಡು ಎಂದು ಕೇಳುವುದೇ? ಆದರೂ ಕೇಳಿದಳು, ಬಾಯಿ ಬಿಡದೆ. ಅಂಥ ಸಣ್ಣ ಕೋರಿಕೆಗಳನ್ನು ದೇವರು ತಾನೇ ನಡೆಸದೆ ಪಕ್ಕದಲ್ಲಿರುವವರಿಗೆ ಒಪ್ಪಿಸುವುದುಂಟು.

ಸೊಸೆ ಎರಡು ದಿನ ಸಾರಿಗೆ ಹುಣಸೆಹಣ್ಣು ಹಾಕುವುದನ್ನು ಮರೆತ ಮೇಲೆ, ಒಂದು ಬೆಳಿಗ್ಗೆ ಚಿಕ್ಕಮುನಿಯಮ್ಮ ಕೋಲೂರಿ ಕಾರಿನ ಮುಂದೆಯೇ ಬಂದು ನಿಂತಳು.

"ಅವತ್ತು ಪುಟ್ಟಣ್ಣ ಏನಂದ್ನೋ? ಬೆಚ್ಚಗಾಗೋವರ್ಗೂ ನಿಧಾನಕ್ಕೋಗು ಅಂದ್ನೋ ಇಲ್ವೋ?"

"ಅಂದ ಕಣವ್ವ."

"ನೀನು ಬೂತ ಮೆಟ್ಟಿದಂಗೆ ಓಡಿಸ್ತಾ ಇದ್ದೀಯ. ಎಂಗಸ್ರು ಕುಂತ್ಕಂಡಿದ್ರೆ ಮೈಮೇಲೆ ಗ್ಯಾನ ಇರ್ತದೆ. ಇವ್ಳನ್ನ ಮುನೇಶ್ವರನ ಕಟ್ಟೆಗಂಟ ಕೂರಿಸ್ಕಂಡೋಗು. ದೀಪ ಅಚ್ಬಿಟ್ಟು ನಡ್ಕಂಡ್ ಬತ್ತಾಳೆ. ದಿನಾ."

ನಾಗಲಕ್ಷ್ಮಮ್ಮ ಗಾಬರಿಯಾಗಿ, "ಕೆಲ್ಸ ಐತಲ್ಲತ್ತೆ..." ಎಂದಳು.

"ಐತೆ, ಎಲ್ಲೋಗ್ತದೆ ಕೆಲ್ಸ?" ಮುದುಕಿ ಸೊಸೆಯ ಕಿವಿಯ ಹತ್ತಿರ ಬಗ್ಗಿದಳು. "ನಾನೂ ನಿಮ್ಮಾವನೂ ಎತ್ತು ಕಟ್ಕಂಡು ಬಾವಿ ನೀರೆತ್ತೋ ಕಪಿಲೆ ಒಡೀತಿದ್ವಿ. ರಾಟೆ ಕಿರೋ ಅಂತ ಊರೆಲ್ಲ ಕೇಳೋದು. ಎಣ್ಣೆ ಬಿಡೋ ಅಂತ ನಮ್ಮತ್ತೆ ಬಯ್ದು ಬಯ್ದು ಸತ್ಲು. ಆ ಪುಣ್ಯಾತ್ಮ ಬಿಡ್ಲಿಲ್ಲ. ಯಾಕ್ ಬಿಡ್ಲಿಲ್ಲ ಅಂತ ನಿಂಗೇ ಗೊತ್ತಾಗ್ಬೇಕು. ಓಗು."

ನಾಗಲಕ್ಷ್ಮಮ್ಮನ ಮುಖ ಕೆಂಪಾಯಿತು. ಎಣ್ಣೆಯ ಗಿಂಡಿ ಹಿಡಿದು, ಯಾರ ಕಡೆಯೂ ನೋಡದೆ, ಕಾರು ಹತ್ತಿದಳು.

ಕಾರು ಹೊರಟಿತು. ಎಷ್ಟು ನಿಧಾನವೆಂದರೆ, ಹಾಲಿನ ಸೈಕಲ್ಲಿನ ಸೊಣ್ಣಪ್ಪ ಗಂಟೆ ಹೊಡೆದು ಪಕ್ಕದಿಂದ ಮುಂದೆ ಹೋದ. "ಏನ್ ಗೋಪಾಲಣ್ಣ, ಎತ್ತು ಸುಸ್ತಾಯ್ತಾ?" ಎಂದು ಕೂಗಿ ನಕ್ಕ. ಹೆದ್ದಾರಿಯ ಆಚೆ ಕಾರ್ಖಾನೆಗಳ ಹೊಗೆ ಎಳೆಬಿಸಿಲಿಗೆ ಹೊಳೆಯುತ್ತಿತ್ತು. ಇಷ್ಟು ದಿನದ ಮಾತೆಲ್ಲ ನಾಲಗೆ ತುದಿಗೆ ಬಂದು ನಿಂತಿತ್ತು. ಯಾವುದರಿಂದ ಶುರುಮಾಡಬೇಕೆಂದೇ ಅವಳಿಗೆ ತೋಚಲಿಲ್ಲ.

"ಏಳು ನಾಗೂ."

"ಏನೇಳ್ಲಿ?"

"ಏನಾದ್ರೂ ಏಳು."

ಅವಳು ಮಗುವಿನ ಹಲ್ಲಿನಿಂದ ಶುರುಮಾಡಿದಳು. ಎಮ್ಮೆಯ ಸುದ್ದಿಗೆ ಬರುವಷ್ಟರಲ್ಲಿ ಬೇವಿನ ಮರದ ಕೆಳಗೆ ಮುನೇಶ್ವರನ ಕಟ್ಟೆ ಬಂದೇಬಿಟ್ಟಿತು. ಮಾತು ಅರ್ಧಕ್ಕೆ ನಿಂತಿತು. ಅವಳು ಗಿಂಡಿ ಎತ್ತಿಕೊಂಡಳು.

ಗೋಪಾಲಪ್ಪ ಕಾರು ನಿಲ್ಲಿಸಲಿಲ್ಲ. "ಇನ್ನೂ ಒಂಚೂರು ಬೆಚ್ಚಗಾಗ್ಬೇಕು," ಎಂದವನೇ ಕಟ್ಟೆಯನ್ನು ಬಲಕ್ಕೆ ಬಿಟ್ಟುಕೊಂಡು ಮೆಲ್ಲಗೆ ಒಂದು ಸುತ್ತು ಹಾಕಿದ. "ದೇವ್ರಿಗೆ ಒಂದೇ ಪ್ರದಕ್ಷಿಣೆ ಆಕ್ಬಾರ್ದು," ಎಂದು ಇನ್ನೊಂದು ಸುತ್ತಿಗೆ ತಿರುಗಿಸಿದ.

"ಊಂ, ಎಮ್ಮೆ ಯಾಕೆ ಒದೀತು?"