ತಾಟಿನಲ್ಲಿಟ್ಟ ಪಾದಗಳು

ಗೋವಾದಲ್ಲಿ ಬಸ್ಸು ಹತ್ತಿದಾಗಲೇ ಮಹಾನಂದಾಳಿಗೆ ಸಿಟ್ಟಿತ್ತು. ಆಳಂದದಲ್ಲಿ ಇಳಿದು ಅಡತಿ ಅಂಗಡಿಯ ಗೋಡೆಗೆ ಕಟ್ಟಿದ ಬ್ಯಾನರು ಓದಿದ ಮೇಲೆ ಆ ಸಿಟ್ಟಿಗೆ ಹಲ್ಲು ಮೂಡಿದವು. 'ಹಿಮಖಂಡದ ಮಹಾನ್ ಸಂಶೋಧಕ ಡಾ. ಭಾರ್ಗವ ಹಾಗೂ ಅವರ ಶಿಷ್ಯೆ, ನಮ್ಮ ಅತನೂರಿನ ಮಗಳು ಮಹಾನಂದಾ ಅವರಿಗೆ ಸನ್ಮಾನ.'

ಭಾರ್ಗವ ಗೋವಾದಲ್ಲಿ ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ನಿರ್ದೇಶಕ. ಭೀಮಾ ಹೊಳೆಗಿಂತ ದೊಡ್ಡ ನೀರು ಕಾಣದೆ ಬೆಳೆದವಳು ಐದು ಸಲ ಹಡಗು ಹತ್ತಿ ದಕ್ಷಿಣ ಧ್ರುವದ ಹಿಮಖಂಡಕ್ಕೆ ಹೋಗಿ ಬಂದಿದ್ದಳು. ಹೆಪ್ಪುಗಟ್ಟಿದ ಕಡಲಿಗೆ ಬೈರಿಗೆ ಇಳಿಸಿ ಮಂಜಿನ ದಪ್ಪ ಅಳೆದಿದ್ದಳು, ಅದರ ಮೇಲೆ ಬೆಳೆಯುವ ಪೆಂಗ್ವಿನ್ ಮರಿಗಳನ್ನು ಎಣಿಸಿದ್ದಳು. ಮೈಮೇಲಿನ ತುಪ್ಪುಳು ಉದುರಿ ಗಟ್ಟಿ ಗರಿ ಬರುವವರೆಗೂ ಆ ಮರಿಗಳು ನೀರಿಗೆ ಬೀಳಬಾರದು. ಮಂಜು ಬೇಗ ಒಡೆದ ವರ್ಷ ಹಿಂಡುಹಿಂಡಾಗಿ ಮುಳುಗುತ್ತವೆ. ಅವಳು ಇದನ್ನು ಮೊದಲು ಹೇಳಿದಾಗ, ಹಕ್ಕಿ ಎಣಿಸುವುದು ವಿಜ್ಞಾನವಲ್ಲ ಎಂದು ಭಾರ್ಗವ ನಕ್ಕಿದ್ದರು. ಈ ವರ್ಷ ಅದೇ ಮಾತು ಅವರ ಹೆಸರಿನಲ್ಲಿ ಪುಸ್ತಕವಾಗಿ ಬಂತು. ಅವಳ ಹೆಸರು ಕೃತಜ್ಞತೆಯ ಪುಟದಲ್ಲಿತ್ತು, ಹಡಗಿನ ಅಡುಗೆಯವನ ಹೆಸರಾದ ಮೇಲೆ.

ತಾಯಿಯ ಹೊರತು ಯಾರ ಮುಂದೆಯೂ ಅವಳು ಇದನ್ನು ಹೇಳಿರಲಿಲ್ಲ. ಎರಡು ವರ್ಷದಿಂದ ಮಂಜು ಬೇಗ ಒಡೆಯುತ್ತಿತ್ತು. ಈ ಡಿಸೆಂಬರಿನಲ್ಲಿ ಏನಾಗುತ್ತದೆಂದು ಅವಳು ಕಣ್ಣಾರೆ ನೋಡಲೇಬೇಕಿತ್ತು. ಹಡಗಿಗೆ ಯಾರು ಹತ್ತಬೇಕೆಂದು ನಿರ್ಧರಿಸುವವರು ಭಾರ್ಗವ.

ಆ ಅಡತಿ ಅಂಗಡಿಯಲ್ಲೇ ಸಭೆ ಕೂಡಿಸಿದವನು ಅದರ ಮಾಲೀಕ, ಅವಳ ಕಾಕಾ ಜಗದೇವಪ್ಪ, ಆಳಂದದ ತೊಗರಿ ದಲ್ಲಾಳಿ. ಗುಲ್ಬರ್ಗಕ್ಕೆ ಭಾಷಣಕ್ಕೆಂದು ಬಂದಿದ್ದ ಭಾರ್ಗವರನ್ನು ಜೀಪಿನಲ್ಲಿ ಎತ್ತಿಕೊಂಡೇ ಬಂದಿದ್ದ. ಬರಬೇಕಿದ್ದ ಸ್ವಾಮಿಗಳು ಬರಲಾಗದೆಂದು ಹೇಳಿ ಕಳಿಸಿದ್ದರು. ಪಾದಪೂಜೆಗೆಂದು ತಂದ ಹಿತ್ತಾಳೆ ತಾಟು, ತಂಬಿಗೆ, ವಿಭೂತಿ, ಹೂವಿನ ಹಾರ ವೇದಿಕೆಯ ಮೇಲೆ ಹಾಗೇ ಇದ್ದವು.

"ಸ್ವಾಮಿಗಳು ಬರಲಿಲ್ಲಂದ್ರ ಏನಾತು?" ಜಗದೇವಪ್ಪ ಮೈಕಿನಲ್ಲೇ ಕೂಗಿದ. "ಗುರುಗಳು ಕುಂತಾರಲ್ಲ! ಮಹಾನಂದಾ, ಬಾರವ್ವ, ನಿಮ್ಮ ಗುರುಗಳ ಪಾದಪೂಜಾ ಮಾಡು."

"ಏ ಜಗದೇವಪ್ಪ, ಅವ್ರು ಜಂಗಮರೇನೋ?" ಮುಂದಿನ ಸಾಲಿನಿಂದ ಮುದುಕ ಶಿವರಾಯ ಕೇಳಿದ.

"ವಿದ್ಯಾ ಕೊಟ್ಟಾಂವನ ಜಂಗಮ. ಸುಮ್ಮ ಕೂಡೋ ಮಾರಾಯ."

ತಾಯಿ ಸುಭದ್ರಾಬಾಯಿ ಮಗಳ ಮುಖ ನೋಡಿ ಹತ್ತಿರ ಬಂದಳು. ಅವಳಿಗೆ ಪುಸ್ತಕದ ಸಂಗತಿ ಗೊತ್ತಿತ್ತು. "ಹಾಕಿಬಿಡವ್ವಾ ಒಂದು ತಂಬಿಗಿ ನೀರು. ನಿಂದೇನು ಸವೀತದ? ಡಿಸೆಂಬರದಾಗ ಹೋಗಬೇಕಂತಿ."

ಮಹಾನಂದಾ ತಂಬಿಗೆ ಎತ್ತಿಕೊಂಡಳು. ಭಾರ್ಗವ ನಗುತ್ತ ಬೂಟು ಕಾಲುಚೀಲ ಬಿಚ್ಚಿ, ಎರಡೂ ಪಾದ ತಾಟಿನಲ್ಲಿಟ್ಟರು. ಬೆಳ್ಳನೆಯ, ಮೆತ್ತನೆಯ ಪಾದಗಳು. ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ. ಆ ತಾಟಿನ ಪಕ್ಕಕ್ಕೇ ಅವಳ ಬರಿಗಾಲು ಇತ್ತು. ಎಡಗಾಲಿನ ಎರಡು ಬೆರಳು ಇರಲಿಲ್ಲ. ಮೂರನೆಯ ಪ್ರವಾಸದಲ್ಲಿ ಚಳಿಗೆ ಸತ್ತು ಕಪ್ಪಾದಾಗ ಹಡಗಿನ ಡಾಕ್ಟರು ಕತ್ತರಿಸಿದ್ದ.

ಅವಳು ತಂಬಿಗೆಯನ್ನು ಕೆಳಗಿಟ್ಟಳು.

"ಕಾಕಾ, ಈ ಕಾಲು ಬರ್ಫಿನ ಮ್ಯಾಲ ಇಳಿದೇ ಇಲ್ಲ."

"ಏನಂದಿ?"

"ಹಡಗ ಹೊಂಟಾಗ ಇವ್ರು ಬಂದರಿಗೆ ಬಂದು ಕೈ ಬೀಸ್ತಾರ. ಅಷ್ಟ. ಆ ಪುಸ್ತಕದಾಗಿರೋದೆಲ್ಲ ನಾ ಕಂಡದ್ದು, ನಾ ಅಳೆದದ್ದು. ಕದ್ದವರ ಕಾಲು ನಾ ತೊಳಿಯಂಗಿಲ್ಲ."

ಕನ್ನಡ ಬಾರದ ಭಾರ್ಗವ, ಇನ್ನೇನು ನೀರು ಬೀಳುತ್ತದೆಂದು ಪಾದಗಳನ್ನು ಒಟ್ಟಿಗೆ ಜೋಡಿಸಿಕೊಂಡರು.

"ಹಂಗಾದ್ರ ಹಾರ ವಾಪಸ್ ತಗೋತಾನೇನು ನೋಡೋ ಹೂವಿನಾಂವ!" ಹಿಂದಿನಿಂದ ಯಾರೋ ಅಂದರು. ಸಭೆ ಗೊಳ್ಳೆಂದಿತು.

"ಊರ ಮುಂದ ನನ್ನ ಇಜ್ಜತ್ ತೆಗದಿ ಬೇ," ಜಗದೇವಪ್ಪ ಹಲ್ಲು ಕಚ್ಚಿದ. "ಮನಿಗೆ ಬಂದ ಅತಿಥಿಗೆ ಹಿಂಗ ಮಾತಾಡೋದಾ?"

"ನಾ ಕರೆದಿಲ್ಲ ಕಾಕಾ. ನೀವು ಕರೆದೀರಿ."

ನಗು ಯಾರ ಮೇಲಿನದೆಂದು ಭಾರ್ಗವರಿಗೆ ಹೊಳೆಯಿತು. ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಹೇಳಿದ್ದನ್ನೇ ಅವಳು ಹಿಂದಿಯಲ್ಲಿ, ಒಂದು ಮಾತೂ ಮೆತ್ತಗೆ ಮಾಡದೆ ಹೇಳಿದಳು. ಅವರು ತಾಟಿನಿಂದ ಕಾಲು ತೆಗೆದು ಕಾಲುಚೀಲ ಹುಡುಕಿದರು. "ಡಿಸೆಂಬರಿನ ತಂಡ ಇನ್ನೂ ಆಯ್ಕೆಯಾಗಿಲ್ಲ. ಯೋಚನೆ ಮಾಡು," ಎಂದರು ಮೆಲ್ಲಗೆ.

ಈ ಸಲದ ಹಡಗು ತನ್ನ ಕೈ ತಪ್ಪಿತೆಂದು ಅವಳಿಗೆ ಗೊತ್ತಾಯಿತು. ಈ ವರ್ಷದ ಮರಿಗಳನ್ನು ಎಣಿಸುವವರು ಇರುವುದಿಲ್ಲ. ಕದ್ದ ಪುಸ್ತಕಕ್ಕಿಂತ ಈ ಯೋಚನೆಗೇ ಅವಳ ಮೈ ಉರಿಯಿತು. ಮಂಜು ಒಡೆಯುವುದನ್ನು ನೋಡಿ ಬಂದಾಗಿನಿಂದ ಮನೆಯವರೊಂದಿಗೂ ಅವಳು ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ಭಾರ್ಗವರಂಥವರ ಮುಂದೆ.

ಜಗದೇವಪ್ಪನ ಕೈಯಿಂದ ಮೈಕು ಕಿತ್ತುಕೊಂಡಳು.

"ಯಾರೂ ಏಳಬ್ಯಾಡ್ರಿ. ಸನ್ಮಾನ ಬ್ಯಾಡ. ನಾ ಏನು ನೋಡೇನಿ ಅದನ್ನ ಹೇಳ್ತೇನಿ, ಕೇಳ್ರಿ." ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು. "ಮೊದಲನೇ ವರ್ಷ ನಾ ಹೋದಾಗ ಕಡಲಿನ ಮ್ಯಾಲಿನ ಬರ್ಫ ಗಟ್ಟಿ ಇತ್ರಿ. ಟ್ರಕ್ ಓಡಿಸಬಹುದಿತ್ತು..."

ಎದ್ದವರು ಕೂತರು. ಶಿವರಾಯ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದ. ಸುಭದ್ರಾಬಾಯಿ ಖಾಲಿ ತಾಟನ್ನು ಎತ್ತಿಕೊಂಡು, ಮಗಳಿಗೆ ನಿಲ್ಲಲು ಜಾಗ ಮಾಡಿದಳು. ಒಂದೇ ಕಾಲಿಗೆ ಚೀಲ ಹಾಕಿಕೊಂಡಿದ್ದ ಭಾರ್ಗವ ಬಾಗಿಲ ಕಡೆ ನೋಡಿದರು. ನಡುವೆ ಒತ್ತಾಗಿ ಕೂತ ಜನರಲ್ಲಿ ಯಾರೂ ದಾರಿ ಬಿಡಲಿಲ್ಲ.