ಹಡಗಿನವರ ಮುತ್ತು

ಹಡಗಿನವರಿಗೆ ಮುತ್ತು ಕೊಡುವುದರಲ್ಲಿ ಉತ್ತರ ಧ್ರುವದ ಹತ್ತಿರದ ಆ ಊರಿನಲ್ಲಿ ಕೌನಾಕ್‌ಳನ್ನು ಮೀರಿಸುವವರು ಇರಲಿಲ್ಲ. ಕೊಲ್ಲಿಯ ಮಂಜುಗಡ್ಡೆ ಒಡೆದು ನೀರು ಕಂಡ ಮೇಲೆ ಬೇಸಿಗೆಯಲ್ಲಿ ಎರಡು ಮೂರು ಸಲ ದೊಡ್ಡ ಬಿಳಿ ಹಡಗು ಬರುತ್ತಿತ್ತು. ಎಲ್ಲರೂ ಒಂದೇ ಥರದ ಕೆಂಪು ಜಾಕೆಟ್ ತೊಟ್ಟ ಬಿಳಿಯರು ಇಳಿದು ಊರಿನ ಭವನಕ್ಕೆ ಬರುತ್ತಿದ್ದರು. ಡೋಲು ಕೇಳುತ್ತಿದ್ದರು, ಸೀಲ್ ಮಾಂಸದ ಒಂದು ಚೂರು ಬಾಯಿಗಿಟ್ಟು ಹರಳೆಣ್ಣೆ ಕುಡಿದವರಂತೆ ಮುಖ ಮಾಡುತ್ತಿದ್ದರು, ಕೊನೆಗೆ ಮೂಗಿಗೆ ಮೂಗು ಉಜ್ಜಿಸಿಕೊಳ್ಳಲು ಸಾಲು ನಿಲ್ಲುತ್ತಿದ್ದರು. ಈ ಜನ ಮುತ್ತಿಡುವುದು ಹೀಗೆ ಎಂದು ಅವರಿಗೆ ಯಾರು ಹೇಳಿದರೋ, ಅವನ ಬಾಯಿಗೆ ಹುಳ ಬೀಳಲಿ.

ಮುತ್ತು ಅಂದರೆ ಕೆನ್ನೆಗೆ ಮೂಗನ್ನೂ ಮೇಲ್ದುಟಿಯನ್ನೂ ಒತ್ತಿ, ಎದೆ ತುಂಬ ಉಸಿರೆಳೆದು, ಆ ಜೀವದ ವಾಸನೆಯನ್ನು ಒಳಗೆ ತೆಗೆದುಕೊಳ್ಳುವುದು. ಅದನ್ನು ದಾರಿಹೋಕರಿಗೆಲ್ಲ ಹಂಚಲಾಗುತ್ತದೆಯೇ? ಅದಕ್ಕೇ ಕೌನಾಕ್ ಅವರು ಕೇಳಿದ್ದನ್ನೇ ಕೊಡುತ್ತಿದ್ದಳು. ಗುಂಡು ಮುಖ, ಚಪ್ಪಟೆ ಮೂಗು, ಗೋಡೆ ಅದುರುವಂಥ ನಗು. ಫೋಟೋಗೆ ಹೇಳಿ ಮಾಡಿಸಿದಂತಿದ್ದಳು. ಅವರು ಹಡಗಿನ ಬಚ್ಚಲಿನ ಪುಟ್ಟ ಸೋಪುಗಳನ್ನೋ ನಾಲ್ಕು ಕಿತ್ತಳೆ ಹಣ್ಣನ್ನೋ ಅವಳ ಕೈಗಿಟ್ಟು ಹೋಗುತ್ತಿದ್ದರು. ಆಮೇಲೆ ಹೆಂಗಸರೆಲ್ಲ ಕೂತು ಒಬ್ಬೊಬ್ಬರ ಮೂಗಿನ ನಕಲು ಮಾಡಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು.

"ಅತ್ತಿಗೆ, ಹೀಗೇ ಉಜ್ಜಿಸ್ಕೊಳ್ತಾ ಇದ್ರೆ ಮೂಗು ಸವೆದು ಎರಡು ತೂತು ಉಳ್ಕೊಳತ್ತೆ ಅಷ್ಟೇ," ಎಂದು ಗಂಡನ ತಮ್ಮ ತುಲುಗಾಕ್ ಕಿಚಾಯಿಸುತ್ತಿದ್ದ.

"ಮೂಗು ತಾನೇ, ಹೋದ್ರೆ ಹೋಗ್ಲಿ ಬಿಡು. ಕೆನ್ನೆ ಮುಟ್ಟಿದೀನಾ?" ಎನ್ನುತ್ತಿದ್ದಳು ಕೌನಾಕ್.

ಅವಳು ಬಯಸುತ್ತಿದ್ದ ಕೆನ್ನೆ ಒಂದೇ. ಮಗಳ ಮಗಳು ಉಲಾಯುಕ್‌ಳದು. ಅವಳು ಹುಟ್ಟುವ ಮುಂಚಿನ ಚಳಿಗಾಲದಲ್ಲಿ ತೀರಿಕೊಂಡಿದ್ದ ಕೌನಾಕ್‌ಳ ತಾಯಿಯ ಹೆಸರನ್ನೇ ಕೂಸಿಗೆ ಇಟ್ಟಿದ್ದರು. ಹೆಸರು ಬಂತೆಂದರೆ ಆ ಮನುಷ್ಯರೇ ಬಂದ ಹಾಗೆ. ಆದ್ದರಿಂದ ಬೆನ್ನಮೇಲಿನ ಕೂಸನ್ನು ಅಜ್ಜಿ 'ಅವ್ವಾ' ಎಂದೇ ಕರೆಯುತ್ತಿದ್ದಳು. ಅವ್ವನ ಕಿವಿಯ ಕೆಳಗೆ ಹಾಲು, ಒಣಮೀನು, ತುಪ್ಪಳ ಎಲ್ಲ ಸೇರಿದ ಒಂದು ವಾಸನೆಯಿತ್ತು.

ಮಗಳು ಕುಡಿತಕ್ಕೆ ಬಿದ್ದಳು. ಮಕ್ಕಳನ್ನು ನೋಡಿಕೊಳ್ಳುವ ಕಚೇರಿಯವರು ವಿಮಾನದಲ್ಲಿ ಬಂದು, ಈ ಮನೆ ಮಗುವಿಗೆ ತಕ್ಕುದಲ್ಲ ಎಂದು, ಕೂಸನ್ನು ದಕ್ಷಿಣದ ಯಾವುದೋ ನಗರದ ಬಿಳಿ ದಂಪತಿಗೆ ಒಪ್ಪಿಸಿದರು. ಅಜ್ಜಿ ಒಬ್ಬಳು ಗಟ್ಟಿಮುಟ್ಟಾಗಿದ್ದಾಳಲ್ಲ ಎಂದು ಯಾರಿಗೂ ತೋಚಲಿಲ್ಲ, ಅಥವಾ ತೋಚುವುದು ಬೇಕಿರಲಿಲ್ಲ. ವಿಮಾನದ ಮೆಟ್ಟಿಲ ಬಳಿ ಕೌನಾಕ್ ಆ ಕೆನ್ನೆಗೆ ಮೂಗು ಒತ್ತಿದವಳು ಬಿಡಲೇ ಇಲ್ಲ. ಕಚೇರಿಯ ಹೆಂಗಸು "ಸಾಕು" ಎಂದು ಮಗುವನ್ನು ಬಿಡಿಸಿಕೊಂಡು, ಅಜ್ಜಿಯ ಕೈಯನ್ನು ಒಂದು ಸಲ ಕುಲುಕಿ ಹೋದಳು. ಮಗಳು ಮುಂದೆ ಬಹಳ ದಿನ ಬದುಕಲಿಲ್ಲ.

ಈಗ ಉಲಾಯುಕ್‌ಗೆ ಹದಿನೇಳು. ಊರು ನೋಡಬೇಕು, ಒಂದು ವಾರ ಇರುತ್ತೇನೆ, ಹಿಡಿಸಿದರೆ ಚಳಿಗಾಲವೂ ಇರುತ್ತೇನೆ ಎಂದು ತಾನಾಗಿ ಹೇಳಿಕಳಿಸಿದ್ದಳು. ಕೌನಾಕ್ ಸೀಲ್ ಚರ್ಮದ ಬೂಟು ಹೊಲಿದಳು. ಅಳತೆಗೆ ತನ್ನ ತಾಯಿಯ ಪಾದವನ್ನು ನೆನೆದುಕೊಂಡಳು.

"ಅವ್ವ ಇರ್ತಾಳೆ ಕಣೋ. ಈ ಸಲ ಯಾರ್ ಬಂದು ಕರ್ಕೊಂಡ್ ಹೋಗ್ತಾರೋ ನೋಡ್ತೀನಿ," ಎಂದು ತುಲುಗಾಕ್‌ನ ತಲೆ ತಿಂದಳು.

ವಿಮಾನ ಬಂದಾಗ ಅರ್ಧ ಊರೇ ಅಲ್ಲಿತ್ತು. ಇಳಿದ ಹುಡುಗಿಗೆ ಕೌನಾಕ್‌ಳ ತಾಯಿಯದೇ ಅಗಲ ಹಣೆ. ಕೌನಾಕ್ ಆ ಕೆನ್ನೆಯತ್ತ ಕೈ ಚಾಚಿ ಮುಂದೆ ಹೋದಳು. ಆದರೆ ಹುಡುಗಿಯೇ ಓಡಿಬಂದು ಅಜ್ಜಿಯ ಭುಜ ಹಿಡಿದು, ಕಣ್ಣು ಮುಚ್ಚಿ, ಮೂಗಿಗೆ ಮೂಗು ಹಚ್ಚಿ ಆ ಕಡೆ ಈ ಕಡೆ ಉಜ್ಜಿದಳು.

ಎಲ್ಲರಿಗೂ ನಗು ಒತ್ತರಿಸಿ ಬಂತು.

"ಅತ್ತಿಗೇ, ಈ ಸಲ ಹಡಗು ಆಕಾಶದಲ್ಲೇ ಬಂತಲ್ಲೇ!" ಎಂದು ತುಲುಗಾಕ್ ಕೂಗಿದ.

ಅವರ ಮಾತು ಹುಡುಗಿಗೆ ಎಲ್ಲಿ ಅರ್ಥವಾಗಬೇಕು? ಎಲ್ಲರೂ ಸಂತೋಷಕ್ಕೆ ನಗುತ್ತಿದ್ದಾರೆಂದು ಅವಳೂ ನಕ್ಕು ಇನ್ನೊಮ್ಮೆ ಉಜ್ಜಿದಳು. ಕೌನಾಕ್‌ಗೂ ಅಭ್ಯಾಸಬಲದಿಂದ ಹಡಗಿನವರಿಗೆ ನಗುವ ನಗುವೇ ಬಂದುಬಿಟ್ಟಿತು. ಅದನ್ನು ನುಂಗಿಕೊಂಡು ಮೊಮ್ಮಗಳ ಮುಖ ಹಿಡಿದು, ಕೆನ್ನೆಗೆ ಮೂಗೊತ್ತಿ ಉಸಿರೆಳೆದಳು. ಹುಡುಗಿ ಸೆಟೆದುಕೊಂಡು ಹಿಂದೆ ಸರಿದಳು. ಪಕ್ಕದಲ್ಲಿದ್ದ ತುಲುಗಾಕ್‌ನ ಮಗಳು ಮಿಯಾಲಿಯನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮಿಯಾಲಿ ಊರಿನ ಶಾಲೆಯ ಟೀಚರು.

"ದೊಡ್ಡಮ್ಮ, ಬೆಳಗಿಂದ ವಿಮಾನ ಹತ್ತಿಳಿದು ಸಾಕಾಗಿದೆ, ನನ್ನ ಮೈ ನಾತ ಹೊಡೀತಿದ್ಯಾ ಅಂತ ಕೇಳ್ತಿದಾಳೆ."

"ಇಲ್ಲ ಅನ್ನು," ಎಂದಳು ಕೌನಾಕ್. ಮೂಗಿಗೆ ಸಿಕ್ಕಿದ್ದು ಸೆಂಟಿನ ವಾಸನೆಯೊಂದೇ.

ಮನೆಯಲ್ಲಿ ಬೂಟು ಹುಡುಗಿಯ ಕಾಲಿಗೆ ಸರಿಯಾಗಿ ಕೂತಿತು. ಮಾಂಸ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಅವಳು ಕೈ ತೊಳೆದು ಬಂದು ಚೀಲದಿಂದ ಕಟ್ಟು ಹಾಕಿಸಿದ ಚಿತ್ರವೊಂದನ್ನು ತೆಗೆದಳು. ಯಾವುದೋ ಪ್ರವಾಸ ಕಂಪನಿಯ ಕ್ಯಾಲೆಂಡರಿನ ಹಾಳೆ. ಕೆಂಪು ಜಾಕೆಟ್ಟಿನ ಗಡ್ಡದವನೊಬ್ಬನ ಮೂಗಿಗೆ ಮೂಗು ಹಚ್ಚಿ ಕೌನಾಕ್ ನಗುತ್ತಿದ್ದಳು. ಕೆಳಗೆ ಅವಳ ಹೆಸರು, ಊರಿನ ಹೆಸರು.

ಹುಡುಗಿ ಹೇಳುತ್ತಾ ಹೋದಳು, ಮಿಯಾಲಿ ತಲೆ ತಗ್ಗಿಸಿ ತಿಳಿಸಿದಳು. "ಸಾಕಿದ ತಾಯಿ ಇದನ್ನ ಇವಳ ಮಂಚದ ಮೇಲೆ ತೂಗಿಹಾಕಿದ್ರಂತೆ. ನಿಮ್ಮಜ್ಜಿ ಪ್ರೀತಿ ಮಾಡೋದು ಹೀಗೆ ಅಂತ ದಿನಾ ಮೂಗು ಉಜ್ಜಿ ಮಲಗಿಸ್ತಿದ್ರಂತೆ. ಶಾಲೇಲಿ ಹುಡುಗ್ರು ಹೀನಾಯ ಮಾಡಿದಾಗೆಲ್ಲ, ನನ್ನದು ಅಂತ ಇದೊಂದಾದ್ರೂ ಇದೆಯಲ್ಲ ಅನ್ಕೊಳ್ತಿದ್ಳಂತೆ." ಅವಳು ದನಿ ಇಳಿಸಿದಳು. "ದೊಡ್ಡಮ್ಮ, ಇರೋ ವಿಷಯ ಹೇಳಿಬಿಡ್ಲಾ?"

ಕೌನಾಕ್ ಆ ಚಿತ್ರವನ್ನು ಕೈಗೆತ್ತಿಕೊಂಡಳು. ಕೂಸಿನ ನೆತ್ತಿಯ ಮೇಲೆ ಇಷ್ಟು ವರ್ಷ ತನ್ನದೇ ಕುಚೋದ್ಯ ತೂಗಾಡುತ್ತಿತ್ತು.

"ಬೇಡ ಕಣೇ. ಅದೊಂದನ್ನೂ ಕಿತ್ಕೊಂಡ್ರೆ ಅವಳ ಕೈಲಿ ಏನುಳಿಯುತ್ತೆ? ಚಳಿಗಾಲ ಬರ್ಲಿ, ನಿಧಾನಕ್ಕೆ ನಾನೇ ಕಲಿಸ್ತೀನಿ," ಎಂದಳು. ಮಲಗುವ ಮುಂಚೆ ಹುಡುಗಿ ಮೂಗು ಚಾಚಿದಳು. ಕೌನಾಕ್ ಉಜ್ಜಿದಳು.

ಮರುದಿನ ಬೆಳಗ್ಗೆ ಹಡಗು ಬಂತು. ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಹುಡುಗಿ ರಾತ್ರಿ ಬರೀ ಬಿಸ್ಕತ್ತು ತಿಂದು ಮಲಗಿದ್ದಳು. ಊರಿನ ಅಂಗಡಿಯಲ್ಲಿ ಹಣ್ಣು ಮುಗಿದು ಎಷ್ಟೋ ದಿನವಾಗಿತ್ತು. ಹಡಗಿನವರು ಕಿತ್ತಳೆ ಕೊಡುತ್ತಾರೆ. ಹುಡುಗಿ ಏಳುವುದರೊಳಗೆ ಬಂದುಬಿಡಬಹುದು ಎಂದುಕೊಂಡು ಭವನಕ್ಕೆ ಹೋದಳು.

ಸಾಲು ಉದ್ದವಿತ್ತು. ಮುದುಕ, ಮುದುಕನ ಹೆಂಡತಿ, ಕನ್ನಡಕದವನು. ಒಬ್ಬೊಬ್ಬರಿಗೂ ಅದೇ ಉಜ್ಜು, ಅದೇ ನಗು. ಹಿಂದಿನಿಂದ ಹೆಂಗಸರು "ಇವನದು ಮೂಗಲ್ಲ ಕಣೇ, ಹಾರೆ! ಜೋಪಾನ!" ಎಂದು ಕಿಸಕಿಸ ನಗುತ್ತಿದ್ದರು. ಕಿತ್ತಳೆ ಹಣ್ಣುಗಳು ಮಡಿಲು ತುಂಬುತ್ತಿದ್ದವು. ಮುಂದಿನ ಮೂಗಿಗೆಂದು ತಲೆಯೆತ್ತಿದರೆ ಎದುರಿಗೆ ಉಲಾಯುಕ್ ನಿಂತಿದ್ದಳು. ಅಜ್ಜಿ ಹೊಲಿದ ಬೂಟು ಕಾಲಲ್ಲಿತ್ತು, ಕೈ ಜೇಬಿನಲ್ಲಿತ್ತು. ಅವಳೂ ಸಾಲಿನಲ್ಲೇ ಬಂದಿದ್ದಳು.

ಹೆಂಗಸರ ನಗು ನಿಂತಿತು. ಹುಡುಗಿ ಮೆಲ್ಲಗೆ ಏನೋ ಕೇಳಿದಳು. ಅವಳ ಜೊತೆ ಬಂದಿದ್ದ ಮಿಯಾಲಿ ತಿಳಿಸಲು ಹಿಂಜರಿದಳು.

"ಹೇಳೇ, ಏನಂತೆ?" ಎಂದಳು ಕೌನಾಕ್.

"ನನಗೂ ಇವರಿಗೂ ಕೊಟ್ಟಿದ್ದು ಒಂದೇನಾ, ಅಂತ."

"ಅಲ್ಲ ಅನ್ನು! ಇದು ತಮಾಷೆ, ಇದು ಮುತ್ತೇ ಅಲ್ಲ ಅನ್ನು! ನಮ್ಮದು ಬೇರೆ, ನಿನ್ನೆ ವಿಮಾನದ ಹತ್ರ ಕೊಟ್ನಲ್ಲ, ಅದು ಅನ್ನು!" ಕೌನಾಕ್ ಎದ್ದಳು. ಕಿತ್ತಳೆಗಳು ನೆಲದ ಮೇಲೆ ಉರುಳಿದವು. ಮೊಮ್ಮಗಳ ಕೆನ್ನೆಗೆ ಬಾಗಿದಳು. "ಅವ್ವಾ, ಇಲ್ನೋಡು ಅವ್ವಾ."

ಹುಡುಗಿ ಮುಖ ತಿರುಗಿಸಿದಳು. ಮಿಯಾಲಿ ಬಿಡಿಸಿ ಬಿಡಿಸಿ ಹೇಳಿದಳು, ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಹಾಗಾದ್ರೆ ನಿನ್ನೆ ನನ್ನ ನೋಡಿ ಎಲ್ರೂ ನಕ್ಕಿದ್ದು ಇದಕ್ಕಾ ಅಂತಿದಾಳೆ," ಎಂದಳು ಮಿಯಾಲಿ. "ರಾತ್ರಿ ಕೂಡ ಯಾಕೆ ಆಟ ಆಡಿಸಿದ್ರಿ ಅಂತಿದಾಳೆ."

ಕೌನಾಕ್ ಬಗ್ಗಿ ಉರುಳಿದ ಕಿತ್ತಳೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ವಾರ ತುಂಬುವ ಮೊದಲೇ, ಸಿಕ್ಕಿದ ವಿಮಾನಕ್ಕೆ ಹುಡುಗಿ ಹೊರಟಳು. ಬೂಟನ್ನು ಒರೆಸಿ ಬಾಗಿಲ ಬಳಿ ಜೋಡಿಸಿಟ್ಟಿದ್ದಳು. ಚಿತ್ರವನ್ನು ಮೇಜಿನ ಮೇಲೆಯೇ ಬಿಟ್ಟಿದ್ದಳು. ವಿಮಾನದ ಬಳಿ ಯಾರೂ ನಗಲಿಲ್ಲ. ತುಲುಗಾಕ್ ಕೂಡ ಟೋಪಿ ತಿರುಚುತ್ತಾ ದೂರ ನಿಂತಿದ್ದ. ಕೌನಾಕ್ ಕತ್ತು ಮುಂದೆ ಚಾಚಿದಳು. ಹುಡುಗಿ ಒಂದು ಹೆಜ್ಜೆ ಹಿಂದಿಟ್ಟು ಕೈ ನೀಡಿ, ಆವತ್ತು ಕಚೇರಿಯಿಂದ ಬಂದಿದ್ದ ಹೆಂಗಸಿನ ಹಾಗೇ, ಒಂದು ಸಲ ಕುಲುಕಿ ಬಿಟ್ಟಳು.

ವಿಮಾನ ಮೋಡದಲ್ಲಿ ಮರೆಯಾದ ಮೇಲೆ ಕೌನಾಕ್ ಮುಷ್ಟಿ ಬಿಚ್ಚಿದಳು. ಅಂಗೈಗೆ ಮೂಗನ್ನೂ ಮೇಲ್ದುಟಿಯನ್ನೂ ಒತ್ತಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದಳು. ತನ್ನ ಬಚ್ಚಲಿನಲ್ಲಿ ಹುಡುಗಿ ಕೈ ತೊಳೆದಿದ್ದ ಹಡಗಿನ ಸೋಪಿನ ವಾಸನೆ ಬಂತು.